ಬಾಗಾಯತೂ ಖರಾಬೂ: ಬೀದರದ ತೋಟಗಳಲ್ಲಿ ನಮ್ಮ ಗಿಡಗಳ ಚರಿತ್ರೆ

ಬೀದರ ಕೋಟೆಯೊಳಗೂ ಒಂದು ಲಾಲಬಾಗ ಇದೆ. ಲಾಲಬಾಗ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಬೆಂಗಳೂರಿನದು. ಆದರೆ ಹೈದರ ಅಲಿ 1760ರಲ್ಲಿ ಬೆಂಗಳೂರಿನ ತೋಟಕ್ಕೆ ಕೈ ಹಾಕುವ ಹೊತ್ತಿಗೆ ಬೀದರದಲ್ಲಿ ರಾಜರು ತೋಟ ಮಾಡಲು ಶುರುಮಾಡಿ ಮುನ್ನೂರು ವರ್ಷ ದಾಟಿತ್ತು. ಕೋಟೆಯಲ್ಲಿ ಸೋಲಾ ಖಂಬ ಮಸೀದಿಯ ಎದುರು ನಿಂತರೆ ಈ ಲಾಲಬಾಗಿನ ಜಾಗ, ನಡುವಿನ ನೀರಿನ ಕಾಲುವೆ ಇವತ್ತಿಗೂ ಕಾಣುತ್ತವೆ. ಟೂರಿಗೆ ಬಂದ ಶಾಲೆ ಮಕ್ಕಳು ಅಲ್ಲಿ ಬುತ್ತಿ ಬಿಚ್ಚುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಮುಂದೆ ರಂಗೀನ ಮಹಲಿಗೆ ಹೋಗುತ್ತಾರೆ. ಇಲ್ಲಿ ಯಾವ ಗಿಡ ಇದ್ದವು, ಯಾರು ನೀರು ಹಾಕುತ್ತಿದ್ದರು ಎಂದು ಕೇಳುವವರು ಕಡಿಮೆ.

ಬಹಮನಿ ಸುಲ್ತಾನ ಅಹಮದ ಶಾ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ. ಆತನ ಆಸ್ಥಾನಕ್ಕೆ ಪರ್ಷಿಯಾದಿಂದ ಪಂಡಿತರು ಬಂದರು, ಕಟ್ಟಡದವರು ಬಂದರು. ಅವರ ಜೊತೆಗೆ ತೋಟ ಮಾಡುವ ಪರ್ಷಿಯಾದ ರೀತಿಯೂ ಬಂತು. ಚೌಕಟ್ಟಿನ ಜಾಗ, ನಾಲ್ಕು ಭಾಗ, ನಡುವೆ ನೀರು. ಇದಕ್ಕೆ ಚಾರಬಾಗ ಎನ್ನುತ್ತಾರೆ. ಬೀದರದ ಪಶ್ಚಿಮಕ್ಕೆ ಅಲಿ ಬರೀದನ ಗೋರಿ ಇದೆಯಲ್ಲ, 1577ರ ಸುಮಾರಿಗೆ ಕಟ್ಟಿದ್ದು, ಅದು ಇಂಥ ಚಾರಬಾಗಿನ ನಟ್ಟನಡುವೆಯೇ ನಿಂತಿದೆ. ನಾಲ್ಕೂ ಕಡೆ ತೆರೆದ ಗೋರಿ ಅದು, ಒಳಗೆ ಗಾಳಿ ಆಡುತ್ತಿರುತ್ತದೆ. ಬೆಳಿಗ್ಗೆ ವಾಕಿಂಗಿಗೆ ಬರುವವರಿಗೆ ಅದು ಪಾರ್ಕು. ಕಟ್ಟಿಸಿದವನಿಗೆ ಅದು ಸ್ವರ್ಗದ ನಕ್ಷೆ.

ನೀರಿಲ್ಲದೆ ತೋಟ ಇಲ್ಲ. ಬೀದರ ಊರು ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಆ ಕೆಂಪು ಕಲ್ಲು ತೂತು ತೂತಾಗಿದ್ದು ಮಳೆ ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಕೆಳಗೆ ಕರಿಕಲ್ಲು ಸಿಕ್ಕ ಕಡೆ ನೀರು ಮುಂದೆ ಇಳಿಯದೆ ಪಕ್ಕಕ್ಕೆ ಹರಿದು ಝರಿಯಾಗಿ ಹೊರಬೀಳುತ್ತದೆ. ಇದನ್ನು ಅರಿತವರೇ ನೌಬಾದದಲ್ಲಿ ಕರೇಜ ಕೊರೆದರು. ಜನರ ಬಾಯಲ್ಲಿ ಅದು ಸುರಂಗ ಬಾವಿ. ನೆಲದಡಿ ಸುರಂಗ, ಅದರ ಉದ್ದಕ್ಕೂ ಮೇಲಿಂದ ಇಳಿಸಿದ ಬಾವಿಗಳು. ಹೂಳು ತುಂಬಿ ಮರೆತೇಹೋಗಿದ್ದ ಇದನ್ನು ಇತ್ತೀಚಿನ ವರ್ಷಗಳಲ್ಲಿ ತೆಗೆಸಿ ಸ್ವಚ್ಛ ಮಾಡಿದರು. ಕರೇಜ ನೋಡಲು ದೂರದೂರದಿಂದ ಜನ ಬರುತ್ತಾರೆ. ಔರಾದದವರು ಬೀದರಕ್ಕೆ ಹೋಗುವುದು ಕಚೇರಿ ಕೆಲಸಕ್ಕೆ, ದವಾಖಾನೆಗೆ. ಒಮ್ಮೆ ಇದನ್ನೂ ನೋಡಿ ಬನ್ನಿ.

ಆ ತೋಟಗಳ ಹೂವು ಉದುರಿ ಹೋಯಿತು. ಶಬ್ದಗಳು ಮಾತ್ರ ನಮ್ಮಲ್ಲಿ ಉಳಿದುಕೊಂಡವು. ಬಾಗ ಅಂದರೆ ತೋಟ. ಅದನ್ನು ನೋಡಿಕೊಳ್ಳುವವನು ಬಾಗವಾನ. ಇವತ್ತು ಸಂತೆಯಲ್ಲಿ ಹಣ್ಣಿನ ಬುಟ್ಟಿ ಇಟ್ಟು ಕೂರುವ ಎಷ್ಟೋ ಮನೆತನಗಳ ಅಡ್ಡಹೆಸರು ಅದೇ. ನಿಮ್ಮ ಹೊಲದ ಪಹಣಿ ತೆಗೆದು ನೋಡಿದರೆ ಅಲ್ಲಿಯೂ ಬಾಗ ಸಿಗುತ್ತದೆ. ಮಳೆ ಆಧಾರದ ಜಮೀನು ಖುಷ್ಕಿ, ಗದ್ದೆ ತರಿ, ನೀರು ಹಾಯಿಸಿ ತೋಟ ಮಾಡುವುದು ಬಾಗಾಯತ.

ಅದೇ ಪಹಣಿಯಲ್ಲಿ ಇನ್ನೊಂದು ಶಬ್ದ ಇದೆ: ಖರಾಬು. ಸಾಗುವಳಿಗೆ ಬಾರದ ನೆಲ ‘ಅ’ ಖರಾಬು; ದಾರಿ, ಹಳ್ಳ, ಸ್ಮಶಾನ ಅಂತ ಸಾರ್ವಜನಿಕರಿಗೆ ಬಿಟ್ಟದ್ದು ‘ಬ’ ಖರಾಬು. ಅರ್ಥ ಹೇಳಬೇಕಾಗಿಲ್ಲ. ಹಾಲು ಕೆಟ್ಟರೂ ಖರಾಬು, ಮನುಷ್ಯ ಕೆಟ್ಟರೂ ಖರಾಬು.

ಆ ಖರಾಬಿನಲ್ಲಿ ಏನು ಬೆಳೆಯುತ್ತದೆ ಎಂಬುದೇ ಈ ಬರಹದ ವಿಷಯ. ಹಳದಿ ಹೂವಿನ ತಂಗಡಿ, ಮುಳ್ಳಿನ ನಡುವೆ ಬಾರಿ ಹಣ್ಣು, ಕರಿಜಾಲಿ, ಮುತ್ತುಗ, ಬನ್ನಿ, ಈಚಲು, ಎಕ್ಕೆ, ಕವಳಿ, ಮಳೆ ಬಿದ್ದರೆ ಮೊಳಕಾಲೆತ್ತರ ಕರಡ ಹುಲ್ಲು. ನಮ್ಮ ಭಾಗದ ದೇವಣಿ ದನ ಮೇಯ್ದದ್ದು, ಕೃಷ್ಣಮೃಗ ಇನ್ನೂ ಓಡಾಡುತ್ತಿರುವುದು ಇಂಥ ಮಡ್ಡಿ, ಗಾಯರಾಣಗಳಲ್ಲಿ. ಬಾಗಿನಲ್ಲಿ ಬೆಳೆದ ಗಿಡಗಳಲ್ಲಿ ಬಹಳಷ್ಟು ಹೊರಗಿನಿಂದ ತಂದವು. ಈ ನೆಲದ್ದೇ ಆದ ಗಿಡ ಖರಾಬಿನಲ್ಲಿ ಬೆಳೆಯಿತು. ಆರುನೂರು ವರ್ಷ ತೋಟ ಮಾಡಿದ ಊರಿನ ಲೆಕ್ಕ ಇದು.

ಬೇರೆ ಕಡೆ ಬೇರೆಯಾಗಿತ್ತು ಎಂದುಕೊಳ್ಳಬೇಡಿ. ಬೆಂಗಳೂರಿನ ಲಾಲಬಾಗಿನ ಕಥೆಯೂ ಇದೇ. ಹೈದರ, ಟಿಪ್ಪು ಇಬ್ಬರೂ ದೂರ ದೇಶಗಳಿಂದ ಬೀಜ, ಸಸಿ ತರಿಸಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ತೋಟ ಕಂಪನಿ ಸರ್ಕಾರದ ಕೈಗೆ ಹೋಯಿತು. 1856ರಲ್ಲಿ ಸ್ಕಾಟ್ಲೆಂಡಿನ ಹ್ಯೂ ಕ್ಲೆಗಾರ್ನ್ ಸಲಹೆಯಂತೆ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಕಾಲದಲ್ಲಿ ಗಾಜಿನ ಮನೆ ಎದ್ದಿತು. ಸೀಮೆ ಬದನೆಕಾಯಿಯನ್ನು ನಮ್ಮ ರಾಜ್ಯಕ್ಕೆ ತಂದವನೂ ಆತನೇ ಎನ್ನುತ್ತಾರೆ. ಸೀಮೆಎಣ್ಣೆ, ಸೀಮೆಸುಣ್ಣ ಇದ್ದ ಹಾಗೆ ಸೀಮೆ ಬದನೆ. ಹೆಸರಿನಲ್ಲೇ ಪರದೇಶದ ಗುರುತು. 1908ರಿಂದ 1932ರವರೆಗೆ ಜರ್ಮನಿಯ ಕ್ರುಂಬಿಗಲ್ ಇದ್ದರು. ಬೆಂಗಳೂರಿನ ರಸ್ತೆಗಳಲ್ಲಿ ಒಂದಾದ ಮೇಲೊಂದು ಹೂ ಬಿಡುವ ಮರಗಳ ಸಾಲು ಅವರ ಯೋಜನೆ. ಅದರಲ್ಲಿ ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರಿನ ಗುಲಮೊಹರ ಇಂಥವೇ ಹೆಚ್ಚು ಎದ್ದು ಕಾಣುವುದು. ಲಾಲಬಾಗಿಗೆ ಹೋದವರೆಲ್ಲ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವ ದೊಡ್ಡ ಬಿಳಿ ಬೂರುಗದ ಮರ ಸಹ ಹೊರದೇಶದ ಜಾತಿ.

ಇದರಲ್ಲಿ ತಪ್ಪೇನಿಲ್ಲ ಎನ್ನಬಹುದು. ನಿಜ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಔರಾದ, ಭಾಲ್ಕಿಯ ಹೊಲ ತುಂಬಿರುವ ಸೋಯಾ ಚೀನಾದ ಕಡೆಯದು. ಗುಡ್ಡದ ತುಂಬಾ ತಾನಾಗಿ ಬೆಳೆದು, ಸೀತೆಯ ಹೆಸರನ್ನೂ ಹೊತ್ತಿರುವ ಸೀತಾಫಲ ಕೂಡ ಅಮೆರಿಕದ್ದೇ. ಹುಣಸೆಯ ಮೂಲ ಆಫ್ರಿಕ. ತೊಗರಿ ಮಾತ್ರ ಪಕ್ಕಾ ನಮ್ಮ ದೇಶದ್ದು. ಬಂದವರನ್ನೆಲ್ಲ ಹೊರಹಾಕಿ ಎಂದು ನಾವು ಹೇಳುತ್ತಿಲ್ಲ. ಸೀತಾಫಲ ಬಿಟ್ಟು ಬದುಕುವುದು ನಮ್ಮಿಂದ ಆಗದು. ಆದರೆ ಬಳ್ಳಾರಿ ಜಾಲಿ, ಕಾಂಗ್ರೆಸ್ ಕಸದಂಥವು ಬಂದು ಗಾಯರಾಣ ಹಿಡಿದಾಗ ಅಲ್ಲಿ ಮೊದಲು ಏನಿತ್ತು ಎಂದು ಹೇಳುವವರಾದರೂ ಬೇಕಲ್ಲ. ಕಾಂಗ್ರೆಸ್ ಕಸ 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು. ಇವತ್ತು ನಮ್ಮ ಮಕ್ಕಳಿಗೆ ತಂಗಡಿಗಿಂತ ಅದರ ಪರಿಚಯವೇ ಜಾಸ್ತಿ.

ಸಸ್ಯೋದ್ಯಾನದಲ್ಲಿ ಜನರನ್ನು ಕರೆದುಕೊಂಡು ನಡೆದು, ಮರದ ಕೆಳಗೆ ನಿಂತು ಮಾತಾಡುವ ಪದ್ಧತಿಗೆ ಈಗ ಬರೋಣ. ಮೊದಲು ತೋಟ ನೋಡುವುದು ಅಂದರೆ ಹೂವಿನ ಪ್ರದರ್ಶನ. ಲಾಲಬಾಗಿನಲ್ಲಿ ಜನವರಿ 26, ಆಗಸ್ಟ್ 15ರ ಹೊತ್ತಿಗೆ ಇವತ್ತಿಗೂ ಲಕ್ಷಾಂತರ ಜನ ಸೇರುತ್ತಾರೆ. ಹೂವು ನೋಡಿ, ಬುಡ್ಡಿ ಪಾಪ್‌ಕಾರ್ನ್ ತಿಂದು ಮನೆಗೆ ಹೋಗುತ್ತಾರೆ. ನಡೆದು ತಿಳಿಯುವ ದಾರಿಯನ್ನು ಕನ್ನಡದವರಿಗೆ ತೋರಿಸಿದವರಲ್ಲಿ ಬಿ.ಜಿ.ಎಲ್. ಸ್ವಾಮಿ ದೊಡ್ಡ ಹೆಸರು. ಡಿ.ವಿ. ಗುಂಡಪ್ಪನವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಗುಡ್ಡ ಅಲೆದ ಅನುಭವವನ್ನು ‘ಹಸುರು ಹೊನ್ನು’ ಎಂಬ ಪುಸ್ತಕ ಮಾಡಿದರು. ಗಿಡಗಳ ಚಿತ್ರವನ್ನೂ ತಾವೇ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರದ ಪುಸ್ತಕ ಓದುತ್ತ ಜನ ನಗಬಹುದು ಎಂದು ಆ ಮೇಷ್ಟ್ರು ತೋರಿಸಿದರು. ಲೈಬ್ರರಿಯಲ್ಲಿ ಸಿಕ್ಕರೆ ಓದಿ.

ಮುಂದೆ ಬೆಂಗಳೂರಿನಲ್ಲಿ ಇದು ಊರಿನ ಜನರ ಅಭ್ಯಾಸವೇ ಆಯಿತು. ವಿಜಯ್ ತಿರುವಾಡಿ ಎಂಬ ಹಿರಿಯರು ವರ್ಷಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ ಲಾಲಬಾಗಿನಲ್ಲಿ ಜನರನ್ನು ಕರೆದುಕೊಂಡು ಒಂದೊಂದು ಮರದ ಚರಿತ್ರೆ ಹೇಳುತ್ತ ನಡೆದರು. 2014ರ ಫೆಬ್ರುವರಿಯಲ್ಲಿ ‘ನೆರಳು’ ಎಂಬ ಮರಗಳ ಹಬ್ಬವನ್ನು ಬೆಂಗಳೂರಿನ ಜನರೇ ಶುರುಮಾಡಿದರು. ಮರದ ಕೆಳಗೆ ಮಾತು, ಮಕ್ಕಳಿಗೆ ಕಥೆ, ಮರ ನೋಡುವ ನಡಿಗೆ. ಕೆಲಸ ಮಾಡಿದವರು ಸ್ವಯಂಸೇವಕರು.

ನಮ್ಮ ನೆಲದ ಗಿಡಕ್ಕೇ ತೋಟ ಮಾಡಿದ ಉದಾಹರಣೆಗಳೂ ಇವೆ. ಮಂಗಳೂರಿನ ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮದಲ್ಲಿ ಪಶ್ಚಿಮಘಟ್ಟದ ಮರಗಳಿಗೇ ಮೀಸಲಾದ ಜಾಗ ಇದೆ. ಕೊಡಗಿನ ಗಡಿಯಾಚೆ ವಯನಾಡಿನಲ್ಲಿ ಗುರುಕುಲ ಸಸ್ಯಧಾಮ ಇದೆ. 1981ರಲ್ಲಿ ವುಲ್ಫ್‌ಗ್ಯಾಂಗ್ ಥೊಯರ್‌ಕೌಫ್ ಎಂಬ ಜರ್ಮನ್ ಮನುಷ್ಯ ಶುರುಮಾಡಿದ್ದು. ಕಾಡು ಕಡಿದ ಕಡೆಯಿಂದ ಸಾಯುತ್ತಿದ್ದ ಗಿಡಗಳನ್ನು ಎತ್ತಿ ತಂದು ಉಳಿಸಿದರು. ಅಲ್ಲಿ ಗಿಡಗಳನ್ನು ಸಾಕುತ್ತ ಬಂದವರು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು. ಡಿಗ್ರಿ ಇದ್ದವರಲ್ಲ. ಯಾವ ಗಿಡ ಯಾವ ನೆರಳಿಗೆ ಬದುಕುತ್ತದೆ ಎಂದು ಕೈಯಿಂದ ಕಲಿತವರು.

ಇವೆಲ್ಲ ಮಳೆ ಸುರಿಯುವ ಸೀಮೆಯ ಕಥೆ, ನಮ್ಮ ಬಿಸಿಲಿಗೆ ಹೊಂದೀತೆ ಎಂದು ಕೇಳುತ್ತೀರಿ. ಹೊಂದುತ್ತದೆ. ಬೀದರದಿಂದ ಹೈದರಾಬಾದಿಗೆ ಹೋಗುವ ರಸ್ತೆಯ ಬದಿಗೆ ಅರಣ್ಯ ಇಲಾಖೆಯ ದೇವದೇವ ವನ ಇದೆ. ಸಸ್ಯೋದ್ಯಾನ ಎಂದೇ ಮಾಡಿದ ಜಾಗ. ಭಾನುವಾರ ಬಂದರೆ ಸ್ಕೂಟರ್, ಟಂಟಂ ಸಾಲು. ಬುತ್ತಿ ಕಟ್ಟಿಕೊಂಡು ಬಂದ ಕುಟುಂಬಗಳು. ಅಲ್ಲಿ ನಕ್ಷತ್ರ ವನ, ರಾಶಿ ವನ ಎಂದು ಗಿಡಗಳನ್ನು ಗುಂಪು ಮಾಡಿ ನೆಟ್ಟಿದ್ದಾರೆ. ಜನ ತಮ್ಮ ಜನ್ಮನಕ್ಷತ್ರದ ಗಿಡ ಹುಡುಕಿ, ಅದರ ಮುಂದೆ ನಿಂತು ಫೋಟೊ ಹೊಡೆದುಕೊಳ್ಳುತ್ತಾರೆ.

ಪೇಟೆಯವರಿಗೆ ನಕ್ಷತ್ರ ಅಂದರೆ ಜಾತಕ. ಒಕ್ಕಲಿಗನಿಗೆ ನಕ್ಷತ್ರ ಅಂದರೆ ಮಳೆ. ಇಪ್ಪತ್ತೇಳು ನಕ್ಷತ್ರಕ್ಕೆ ಇಪ್ಪತ್ತೇಳು ಗಿಡ ಎಂಬ ಹಳೆಯ ಪಟ್ಟಿಯನ್ನು ಮಳೆಯ ಕಣ್ಣಿನಿಂದ ನೋಡಿ. ಊರಿಂದೂರಿಗೆ ಅದರಲ್ಲಿ ಒಂದೆರಡು ಹೆಚ್ಚುಕಡಿಮೆ ಉಂಟು, ಆದರೆ ಮುಖ್ಯವಾದವು ಇವು. ಭರಣಿಗೆ ನೆಲ್ಲಿ. ಕೃತ್ತಿಕೆಗೆ ಅತ್ತಿ. ರೋಹಿಣಿಗೆ ನೇರಳೆ, ಮೇ 25ರ ಸುಮಾರಿಗೆ ರೋಹಿಣಿ ಮಳೆ ಕೂಡುತ್ತದೆ, ಅದು ಕಳೆದು ಜೂನ್ 8ರ ಹೊತ್ತಿಗೆ ಮಿರಗ ಹೊಕ್ಕಾಗ ನೇರಳೆ ಹಣ್ಣು ಸಂತೆಗೆ ಬರುತ್ತದೆ. ಮಿರಗಕ್ಕೆ ಕಾಚಿನ ಮರ. ಪುಷ್ಯಕ್ಕೆ ಅರಳಿ. ಮಘೆಗೆ ಆಲ. ಹುಬ್ಬ ಮಳೆಗೆ ಮುತ್ತುಗ. ಈ ಪಟ್ಟಿಯಲ್ಲಿ ಗುಲಮೊಹರ ಇಲ್ಲ, ನೀಲಗಿರಿ ಇಲ್ಲ. ಪಟ್ಟಿ ಮಾಡಿದವರಿಗೆ ಸ್ವದೇಶಿ ಗಿಡ ಎಂಬ ಶಬ್ದ ಬೇಕಾಗಿರಲಿಲ್ಲ. ಕಣ್ಣ ಮುಂದೆ ಇದ್ದವನ್ನೇ ಬರೆದರು. ನಕ್ಷತ್ರದಿಂದ ಮನುಷ್ಯನ ಹಣೆಬರಹ ತಿಳಿಯುತ್ತದೆ ಎಂಬುದನ್ನು ನಾವು ಒಪ್ಪುವುದಿಲ್ಲ, ಆದರೆ ಈ ಪಟ್ಟಿ ಹಲವು ದೇಶಿ ಮರಗಳಿಗೆ ತೋಟದಲ್ಲಿ ಜಾಗ ಕೊಡಿಸಿತು ಎಂಬುದು ಕಣ್ಣೆದುರಿನ ಮಾತು.

ಹಾಗಾಗಿ ನಕ್ಷತ್ರ ವನದಲ್ಲಿ ನಿಂತು ಮಾತಾಡಬೇಕಾದವರು ಯಾರು? ಜ್ಯೋತಿಷಿಗಿಂತ ಮೊದಲು ಅರವತ್ತು ಮಿರಗ ನೋಡಿದ ರೈತ. ಮುತ್ತುಗದ ಕೆಳಗೆ ನಿಂತು ಹೇಳಬೇಕಾದವರು ಪತ್ರಾವಳಿ ಹಚ್ಚಿದ ಅವ್ವಂದಿರು. ಪ್ಲಾಸ್ಟಿಕ್, ಥರ್ಮಾಕೋಲ್ ತಟ್ಟೆ ಬರುವ ಮೊದಲು ನಮ್ಮ ಮದುವೆಯ ಊಟವೆಲ್ಲ ಆ ಎಲೆಯ ಮೇಲೇ ಆದದ್ದು. ತಂಗಡಿಯ ಮುಂದೆ ಮಾತಾಡಬೇಕಾದವರು ಚರ್ಮದ ಕೆಲಸದವರು. ತಂಗಡಿಯ ತೊಗಟೆಯಿಂದ ಚರ್ಮ ಹದ ಮಾಡುವುದು ಈ ನಾಡಿನ ಹಳೆಯ ಕಸುಬು. ಊರಿಗೆಲ್ಲ ಚಪ್ಪಲಿ, ಬಾರುಕೋಲು, ನೀರೆತ್ತುವ ಚರ್ಮದ ಚೀಲ ಮಾಡಿಕೊಟ್ಟವರನ್ನು ಊರ ಹೊರಗೆ ಇಟ್ಟೆವು. ಅವರು ಬಳಸಿದ ಗಿಡವೂ ಖರಾಬಿನಲ್ಲೇ ಉಳಿಯಿತು. ಇದು ಕಾಕತಾಳೀಯ ಎಂದು ನಮಗೆ ಅನಿಸುವುದಿಲ್ಲ. ಅದೇ ತಂಗಡಿ ಗಡಿಯಾಚೆ ತೆಲಂಗಾಣದಲ್ಲಿ ಇವತ್ತು ರಾಜ್ಯದ ಹೂವು. ಬತುಕಮ್ಮ ಹಬ್ಬಕ್ಕೆ ಅಲ್ಲಿ ತಟ್ಟೆ ತುಂಬ ಜೋಡಿಸುತ್ತಾರೆ.

ಔರಾದ ತಾಲ್ಲೂಕಿನಲ್ಲಿ ಹೆಸರಿನ ವಿಷಯವೇ ಒಂದು ದಿನದ ಮಾತಾಗುತ್ತದೆ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಮುತ್ತುಗ ಎಂದರೆ ಕನ್ನಡದವರಿಗೆ ಗೊತ್ತು, ಮರಾಠಿಯವರು ಪಳಸ ಎನ್ನುತ್ತಾರೆ, ತೆಲುಗಿನವರು ಮೋದುಗ. ತಂಗಡಿ ತೆಲುಗಿನಲ್ಲಿ ತಂಗೇಡು, ಮರಾಠಿಯಲ್ಲಿ ತರವಡ. ದಸರೆಯಲ್ಲಿ ನಾವು ಬನ್ನಿ ಎಲೆ ಕೊಟ್ಟು ಬಂಗಾರ ಎನ್ನುತ್ತೇವೆ. ಮರಾಠಿಯವರು ಅದೇ ದಿನ ಆಪಟಾ ಎಲೆ ಕೊಟ್ಟು ಸೋನಂ ಎನ್ನುತ್ತಾರೆ. ಎರಡೂ ಬೇರೆ ಬೇರೆ ಮರ. 1948ರವರೆಗೆ ನಿಜಾಮರ ರಾಜ್ಯ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಗಡಿ ಬದಲಾಯಿತು, ಕಾಗದದ ಭಾಷೆ ಬದಲಾಯಿತು, ಮನೆಯೊಳಗಿನ ಗಿಡದ ಹೆಸರು ಬದಲಾಗಲಿಲ್ಲ. ತೋಟದ ಬೋರ್ಡಿನ ಮೇಲೆ ಒಂದು ಲ್ಯಾಟಿನ್ ಹೆಸರು, ಒಂದು ಪುಸ್ತಕದ ಹೆಸರು ಬರೆದರೆ ನಮ್ಮ ಅರ್ಧ ತಾಲ್ಲೂಕಿಗೆ ಅದು ಯಾವ ಗಿಡ ಎಂದೇ ತಿಳಿಯುವುದಿಲ್ಲ. ಲಂಬಾಣಿ ತಾಂಡಾದವರು ಏನೆನ್ನುತ್ತಾರೆ, ದಖನಿ ಮಾತಾಡುವವರು ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದಕ್ಕೆ ಕಾಲೇಜು ಹುಡುಗರು ಸಾಕು. ಒಂದು ನೋಟಬುಕ್, ಒಂದು ಫೋನು. ಸ್ವಯಂಸೇವೆ ಅಂದರೆ ಪೊರಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದೊಂದೇ ಅಲ್ಲವಲ್ಲ.

ಫೋಟೊದ ಮಾತು ಬಂತು, ಹೇಳಿಬಿಡುತ್ತೇವೆ. ವನಮಹೋತ್ಸವ ಶುರುವಾದದ್ದು 1950ರಲ್ಲಿ, ಕೆ.ಎಂ. ಮುನ್ಶಿ ಕೇಂದ್ರದ ಮಂತ್ರಿಯಾಗಿದ್ದಾಗ. ಅಂದಿನಿಂದ ಪ್ರತಿ ಮಳೆಗಾಲ ಪತ್ರಿಕೆಗೆ ಸಸಿ ನೆಡುವ ಫೋಟೊ ಬರುತ್ತದೆ. ಎಡದಿಂದ ಬಲಕ್ಕೆ ನಿಂತವರ ಹೆಸರು ಪೂರ್ತಿ ಇರುತ್ತದೆ. ನಡುವೆ ಇರುವ ಸಸಿಯ ಹೆಸರು ಇರುವುದಿಲ್ಲ.

ಕೈಯಿಂದ ಮಾಡುವ ಕೆಲಸ ಬೇಕೆನ್ನುವವರಿಗೆ ಬೀಜದ ಕೆಲಸ ಇದೆ. ದೇಶಿ ಗಿಡದ ಸಸಿ ನರ್ಸರಿಯಲ್ಲಿ ಕೇಳಿದಷ್ಟು ಸಿಗದಿರುವುದಕ್ಕೆ ಒಂದು ಕಾರಣ ಬೀಜವನ್ನು ಹೊತ್ತಿಗೆ ಸರಿಯಾಗಿ ಆರಿಸಬೇಕಾದದ್ದು. ಬೇವಿನ ಹಣ್ಣು ಜೂನ್, ಜುಲೈನಲ್ಲಿ ಉದುರುತ್ತದೆ. ಸಿಪ್ಪೆ ತೆಗೆದು ನೆರಳಲ್ಲಿ ಆರಿಸಿ ಕೆಲವೇ ವಾರದೊಳಗೆ ಬಿತ್ತಬೇಕು, ತಡವಾದಷ್ಟೂ ಮೊಳಕೆ ಕಡಿಮೆ. ಉಳಿದ ಬೀಜ ತೊಗರಿಯ ಕಾಯಿಕೊರಕ ಹುಳಕ್ಕೆ ಕಷಾಯವಾಗುತ್ತದೆ, ವ್ಯರ್ಥವಲ್ಲ. ನೇರಳೆ ಇನ್ನೂ ಸೂಕ್ಷ್ಮ. ಹಣ್ಣು ತಿಂದ ಬೀಜ ಒಣಗುವ ಮೊದಲೇ ಮಣ್ಣು ಸೇರಬೇಕು. ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ, ಬೇಸಿಗೆಯ ಗಾಳಿಗೆ ಹಾರಿ ಬೀಳುತ್ತದೆ. ಕರಿಜಾಲಿಯದು ಗಟ್ಟಿ ಬೀಜ, ಬಿಸಿನೀರಲ್ಲಿ ನೆನೆಸಿಟ್ಟರೆ ಬೇಗ ಒಡೆಯುತ್ತದೆ. ಆಡು ತಿಂದು ಹಾಕಿದ ಬೀಜವೂ ಚೆನ್ನಾಗಿ ಹುಟ್ಟುತ್ತದೆ ಎಂಬುದು ಆಡು ಕಾಯುವ ಯಾವ ಹುಡುಗನಿಗೂ ಗೊತ್ತು. ನೆಟ್ಟ ಸಸಿಗೆ ಮೊದಲ ಎರಡು ಬೇಸಿಗೆ ನೀರು ಹಾಕುವವರು ಬೇಕು. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಅದು ಸಣ್ಣ ಕೆಲಸವಲ್ಲ.

ಊರಿನ ‘ಬ’ ಖರಾಬಿನ ಒಂದು ಮೂಲೆಯಲ್ಲೂ ಇದನ್ನು ಶುರುಮಾಡಬಹುದು. ಅಲ್ಲಿ ಎಷ್ಟೋ ಗಿಡ ಆಗಲೇ ಇವೆ; ಹೊಸದಾಗಿ ನೆಡುವುದಕ್ಕಿಂತ ಮೊದಲು ಇರುವುದನ್ನು ಎಣಿಸಿ ಹೆಸರು ಬರೆಯಬೇಕು. ಹುಲ್ಲುಗಾವಲಿನ ಮೇಲೆ ಗುಂಡಿ ತೋಡಿ ಸಾಲಾಗಿ ಮರ ನೆಡುವ ಉತ್ಸಾಹ ಮಾತ್ರ ಬೇಡ. ಕರಡ ಹುಲ್ಲೂ ದೇಶಿ ಗಿಡವೇ. ಅದಕ್ಕೆ ನೆರಳು ಬಿದ್ದರೆ ಅದು ಹೋಗುತ್ತದೆ, ಅದರ ಹಿಂದೆ ಕೃಷ್ಣಮೃಗವೂ ಹೋಗುತ್ತದೆ.

ದೇವದೇವ ವನಕ್ಕೆ ಹೋಗುವವರು ಬಿಸಿಲು ಏರುವ ಮೊದಲು ಹೋಗಿ. ಜೊತೆಗೆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಬೋರ್ಡು ಓದುವ ಮೊದಲು ಅವರನ್ನು ಕೇಳಿ: “ಅಜ್ಜಿ, ಇದಕ್ಕ ಏನಂತಾರ?” ಎಲೆ ಹರಿಯಬೇಡಿ, ಕೆಳಗೆ ಬಿದ್ದದ್ದನ್ನು ಎತ್ತಿ ನೋಡಿ. ಹೋಳಿಯ ಹೊತ್ತಿಗೆ ಹೋದರೆ ಮುತ್ತುಗದ ಮೇಲೆ ಒಂದೂ ಎಲೆ ಇರುವುದಿಲ್ಲ, ಮರದ ತುಂಬ ಕೆಂಡದ ಬಣ್ಣದ ಹೂವು. ಉದುರಿದ ಹೂವನ್ನು ರಾತ್ರಿ ನೀರಲ್ಲಿ ಕುದಿಸಿಟ್ಟರೆ ಬೆಳಿಗ್ಗೆ ಕೇಸರಿ ಬಣ್ಣ ಸಿದ್ಧ, ಅಂಗಡಿಯ ಬಣ್ಣದ ಹಾಗೆ ಕಣ್ಣು ಉರಿಯುವುದಿಲ್ಲ.